ಕೇಳಿದರೆ ಮಾತ್ರ

ವಿದೇಶದಲ್ಲಿ ಓದಿ ಬಂದವರನ್ನು ಜನ ಕೇಳುವ ಮೊದಲ ಪ್ರಶ್ನೆ ಚಳಿಯದ್ದು. ಎರಡನೆಯದು ಊಟದ್ದು. ಮೂರನೆಯದು, ಸ್ವಲ್ಪ ದನಿ ತಗ್ಗಿಸಿ, ಖರ್ಚಿನದ್ದು. ಮೂರಕ್ಕೂ ನನ್ನ ಹತ್ತಿರ ಸಿದ್ಧ ಉತ್ತರಗಳಿವೆ, ಹೇಳಿ ಹೇಳಿ ಸವೆದೂ ಹೋಗಿವೆ. ಆದರೆ ಜರ್ಮನಿಯ ಗೋಟಿಂಗೆನ್‌ನಲ್ಲಿ ಭೌತಶಾಸ್ತ್ರದ ಮಾಸ್ಟರ್ಸ್ ಮಾಡಿದ ದಿನಗಳಿಂದ ಮನಸ್ಸಿನಲ್ಲಿ ಉಳಿದದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಉಳಿದದ್ದು ಅಲ್ಲಿಯ ಜನ ನಮ್ಮ ಹತ್ತಿರ ಬರುವ ರೀತಿ, ಅಥವಾ ಬಾರದೇ ಇರುವ ರೀತಿ. ಯಾರೂ ತಾವಾಗಿ ನಮ್ಮನ್ನು ವಿಚಾರಿಸುವುದಿಲ್ಲ. ಎಲ್ಲಿಂದ ಬಂದೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾಕೆ ಸಪ್ಪಗಿದ್ದೀಯ, ಊಹ್ಞೂಂ. ನಾವಾಗಿ ಕೇಳಿದರೆ ಮಾತ್ರ, ಕೇಳಿದಷ್ಟಕ್ಕೆ, ಪಕ್ಕಾ ಉತ್ತರ ಸಿಗುತ್ತದೆ. ಇದಕ್ಕೆ ಒಗ್ಗಿಕೊಂಡರೆ ಅರ್ಧ ಡಿಗ್ರಿ ಮುಗಿದ ಹಾಗೆ.

ನಾನು ಹೋದದ್ದು 2022ರ ಅಕ್ಟೋಬರಿನಲ್ಲಿ. ಗೋಟಿಂಗೆನ್ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ, ಲೈನೆ ಎಂಬ ಚಿಕ್ಕ ನದಿಯ ದಂಡೆಯ ಮೇಲಿರುವ ಊರು. ಒಂದು ಲಕ್ಷ ದಾಟಿದ ಜನಸಂಖ್ಯೆ, ಅದರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿಗಳೇ. 1737ರಿಂದ ಇಲ್ಲಿ ವಿಶ್ವವಿದ್ಯಾಲಯವಿದೆ. ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಟ್ಟಿದರೆ ಸಾಕು, ಅದರಲ್ಲೇ ರೈಲಿನ ಪಾಸೂ ಸೇರಿರುತ್ತದೆ. ಸೈಕಲ್ಲು ಇದ್ದರೆ ಊರಿನ ಈ ತುದಿಯಿಂದ ಆ ತುದಿಗೆ ಬೇಗ ಮುಟ್ಟಬಹುದು. ಭೌತಶಾಸ್ತ್ರ ವಿಭಾಗ ಮಾತ್ರ ಉತ್ತರ ದಿಕ್ಕಿನ ದಿಣ್ಣೆಯ ಮೇಲಿದೆ. ಹೋಗುವಾಗ ಏದುಸಿರು, ಬರುವಾಗ ಗಾಳಿ.

ಮೊದಲ ವಾರ ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದ ಕ್ಲಾಸಿಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕೂತರೆ ಹಾಲ್‌ನಲ್ಲಿ ನಾನೊಬ್ಬನೇ ಪ್ರಾಣಿ. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಹತ್ತು ಎಂದರೆ ಹತ್ತೂಕಾಲು. ಪಟ್ಟಿಯಲ್ಲಿ ಸಮಯದ ಪಕ್ಕ 'ಸಿ.ಟಿ.' ಎಂದು ಎರಡಕ್ಷರ ಇದ್ದರೆ ಕಾಲು ಗಂಟೆ ತಡವಾಗಿ ಶುರು, 'ಎಸ್.ಟಿ.' ಎಂದಿದ್ದರೆ ಗಂಟೆ ಹೊಡೆದ ಕೂಡಲೇ ಶುರು. ಕೈಗಡಿಯಾರ ಇಲ್ಲದ ಕಾಲದಲ್ಲಿ ಚರ್ಚಿನ ಗಂಟೆ ಕೇಳಿ ಹೊರಟ ಹುಡುಗರು ಕ್ಲಾಸು ತಲುಪಲು ಬಿಟ್ಟ ಸಮಯ ಅದು ಎನ್ನುತ್ತಾರೆ. ಸಮಯಪಾಲನೆಗೆ ಹೆಸರಾದ ದೇಶ ತಡಮಾಡುವುದಕ್ಕೂ ಒಂದು ನಿಯಮ ಮಾಡಿಟ್ಟಿರುವುದು ನೋಡಿ ನನಗೆ ಅಂದೇ ಆ ದೇಶದ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು.

ಆ ಹಾಲ್‌ನ ಕಪ್ಪುಹಲಗೆಗಳನ್ನು ಇವತ್ತಿಗೂ ಮರೆತಿಲ್ಲ. ಒಂದರ ಹಿಂದೆ ಒಂದು, ಮೇಲಕ್ಕೂ ಕೆಳಕ್ಕೂ ಜಾರುವ ದೊಡ್ಡ ಹಲಗೆಗಳು. ಪ್ರೊಫೆಸರು ಒಂದನ್ನು ಸಮೀಕರಣಗಳಿಂದ ತುಂಬಿಸಿ ಮೇಲಕ್ಕೆ ತಳ್ಳುತ್ತಾರೆ, ಹಿಂದಿನದು ಕೆಳಗಿಳಿಯುತ್ತದೆ. ಎಲ್ಲವೂ ತುಂಬಿದ ಮೇಲೆ ಡಸ್ಟರ್ ಅಲ್ಲ, ನೀರಿನಲ್ಲಿ ಅದ್ದಿದ ಸ್ಪಂಜು. ಹಲಗೆಯನ್ನು ಅಡ್ಡಡ್ಡ ಒದ್ದೆ ಮಾಡಿ, ಕಾರಿನ ಗಾಜು ಒರೆಸುವಂಥ ರಬ್ಬರ್ ಪಟ್ಟಿಯಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆಯುತ್ತಾರೆ. ಒಂದೊಂದು ಎಳೆತಕ್ಕೂ ನೀರಿನ ಗೆರೆ ಇಳಿದು ತೊಟ್ಟಿಕ್ಕುತ್ತದೆ. ಒಣಗುವ ತನಕ ಎಲ್ಲರಿಗೂ ಉಸಿರಾಡಲು ಬಿಡುವು. ನಮ್ಮ ಕ್ವಾಂಟಮ್ ಪ್ರೊಫೆಸರಿಗೆ ಈ ಕೆಲಸದಲ್ಲಿ ಎಷ್ಟು ಶ್ರದ್ಧೆಯೆಂದರೆ, ಮೂಲೆಯಲ್ಲಿ ಒಂದು ಸುಣ್ಣದ ಚುಕ್ಕೆ ಉಳಿದರೂ ಬೆರಳಿನಿಂದ ಉಜ್ಜಿ ತೆಗೆಯದೆ ಮುಂದಿನ ಸಾಲು ಬರೆಯುತ್ತಿರಲಿಲ್ಲ. ಕ್ಲಾಸು ಮುಗಿದಾಗ ಚಪ್ಪಾಳೆ ಇಲ್ಲ. ಎಲ್ಲರೂ ಬಲಗೈ ಮುಷ್ಟಿ ಕಟ್ಟಿ ಗೆಣ್ಣಿನಿಂದ ಮೇಜನ್ನು ಟಕಟಕ ಕುಟ್ಟುತ್ತಾರೆ. ಎಡಗೈಯಲ್ಲಿ ಅದಾಗಲೇ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುವ ಕೆಲಸ ನಡೆದಿರುತ್ತದೆ. ಪ್ರೊಫೆಸರು ತಲೆ ಎತ್ತಿಯೂ ನೋಡುವುದಿಲ್ಲ. ಎರಡು ಸೆಕೆಂಡು, ಅಷ್ಟೇ. ಕೃತಜ್ಞತೆಗೆ ಅಷ್ಟು ಸಮಯ ಧಾರಾಳ ಸಾಕು ಎಂಬಂತೆ.

ಇನ್ನು ಕಾಗದಪತ್ರಗಳ ಕತೆ. ಎಲ್ಲರೂ ಬರೆಯುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಮನೆಗೆ ಬಂದ ಎರಡು ವಾರದೊಳಗೆ ಪುರಸಭೆಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು. ನೋಂದಣಿಯ ಕಾಗದವಿಲ್ಲದೆ ಮುಂದಿನ ಯಾವ ಬಾಗಿಲೂ ಸರಿಯಾಗಿ ತೆರೆಯದು. ವೀಸಾಕ್ಕೆಂದು ಕಟ್ಟಿದ್ದ ಹಣ, ಆಗಿನ ಲೆಕ್ಕದಲ್ಲಿ ವರ್ಷಕ್ಕೆ 10,332 ಯೂರೋ, ನಮ್ಮದೇ ಆದರೂ ನಮ್ಮ ಕೈಗೆ ಬರುವುದು ತಿಂಗಳಿಗೆ 861ರಂತೆ. ಬಾಡಿಗೆ, ನೂರು ಯೂರೋ ದಾಟುವ ಆರೋಗ್ಯ ವಿಮೆ ಎಲ್ಲ ಕಳೆದ ಮೇಲೆ ಉಳಿದದ್ದರಲ್ಲಿ ಸಂಸಾರ. ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಬೇರೆ, ಟಿವಿ ರೇಡಿಯೋ ಇಲ್ಲದಿದ್ದರೂ ಕಟ್ಟಲೇಬೇಕು. ಒಂದು ಕಚೇರಿಯಲ್ಲಂತೂ ಫೋನ್ ಎತ್ತುವವರೇ ಇರಲಿಲ್ಲ. ಈಮೇಲಿಗೆ ಉತ್ತರ ಬರುವಷ್ಟರಲ್ಲಿ ಮರಗಳ ಎಲೆಯೆಲ್ಲ ಉದುರಿತ್ತು.

ನಿಲ್ಲಬೇಕಾದ ಒಂದೇ ಸಂಗತಿ ಅಂಚೆಪೆಟ್ಟಿಗೆಯದ್ದು. ಆ ದೇಶ ಇವತ್ತಿಗೂ ಕಾಗದದ ಪತ್ರದ ಮೇಲೆ ನಡೆಯುತ್ತದೆ. ಬ್ಯಾಂಕಿನ ಪಿನ್ ಒಂದು ಲಕೋಟೆಯಲ್ಲಿ, ಕಾರ್ಡು ಇನ್ನೊಂದು ಲಕೋಟೆಯಲ್ಲಿ, ತೆರಿಗೆ ಸಂಖ್ಯೆ ಮತ್ತೊಂದರಲ್ಲಿ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ಸು. ಅವರ ಫಾರಂಗಳಿಗೆ ಕುಟುಂಬದ ಹೆಸರೊಂದು ಬೇಕೇಬೇಕು. ನನಗೆ ಅಂಥದ್ದಿಲ್ಲ, ಇರುವುದು ಒಂದು ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಹೆಸರಾಗಿ ನಿಂತಿತ್ತು. ಹೀಗಾಗಿ ಗೋಟಿಂಗೆನ್‌ನ ಆ ತಗಡಿನ ಪೆಟ್ಟಿಗೆಯ ಮೇಲೆ, ಬಾಗಿಲ ಗಂಟೆಯ ಮೇಲೆ, ಪ್ರಯೋಗಾಲಯದ ಹಾಜರಿಯಲ್ಲಿ ಎಲ್ಲೆಲ್ಲೂ ಅಪ್ಪನೇ. ಪ್ರೊಫೆಸರು 'ಹೆರ್' ಎಂದು ಗೌರವ ಸೇರಿಸಿ ಅಪ್ಪನ ಹೆಸರು ಕರೆದಾಗ ನಾನು ಎದ್ದು ನಿಲ್ಲುತ್ತಿದ್ದೆ. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕರು. ಆಮೇಲೆ, 'ಹೆಸರು ಕೆಡಿಸಬೇಡ' ಅಂದರು.

ಆ ಚಳಿಗಾಲ ಉಳಿದ ಚಳಿಗಾಲಗಳಂತಿರಲಿಲ್ಲ. ಯುಕ್ರೇನ್ ಯುದ್ಧದಿಂದ ರಷ್ಯಾದ ಗ್ಯಾಸು ನಿಂತುಹೋಗಿ, ಸೆಪ್ಟೆಂಬರಿನಿಂದ ಸಾರ್ವಜನಿಕ ಕಟ್ಟಡಗಳ ಕಚೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬಾರದೆಂದು ಸರ್ಕಾರ ಆದೇಶ ಹೊರಡಿಸಿತ್ತು. ಲೈಬ್ರರಿಯಲ್ಲಿ ಜನ ಕೋಟು ಬಿಚ್ಚದೆ ಕೂತಿರುತ್ತಿದ್ದರು. ಡಿಸೆಂಬರಿನಲ್ಲಿ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟಿ, ನಾಲ್ಕು ದಾಟುತ್ತಿದ್ದಂತೆ ಮುಳುಗುತ್ತಿದ್ದ; ಮೋಡ ಕವಿದ ದಿನ ಹುಟ್ಟಿದ್ದೂ ಗೊತ್ತಾಗುತ್ತಿರಲಿಲ್ಲ. ಚಳಿಗೆ ಅಂಗಡಿಯಲ್ಲಿ ಬಟ್ಟೆ ಸಿಗುತ್ತದೆ. ನಾಲ್ಕು ಗಂಟೆಯ ಕತ್ತಲೆಗೆ ಏನೂ ಸಿಗುವುದಿಲ್ಲ.

ಆ ಕತ್ತಲೆಯ ದಿನಗಳಲ್ಲೇ ಒಂದು ಶನಿವಾರ ರಾತ್ರಿ ನನಗೆ ಜ್ವರ ಏರಿತು. ನಾವು ಕೆಲವರು ಒಂದೇ ಅಡುಗೆಮನೆ ಹಂಚಿಕೊಂಡಿದ್ದ ವಿದ್ಯಾರ್ಥಿ ನಿಲಯ ಅದು. ಪಕ್ಕದ ಕೋಣೆಯವನು ಜರ್ಮನ್, ಅರಣ್ಯಶಾಸ್ತ್ರ ಓದುತ್ತಿದ್ದ. ನಮ್ಮಿಬ್ಬರ ನಡುವೆ ಅಲ್ಲಿಯ ತನಕ ನಡೆದಿದ್ದ ಮಾತುಕತೆಯೆಂದರೆ ಫ್ರಿಜ್ಜಿನ ಮೇಲೆ ಅಂಟಿಸಿದ ಸ್ವಚ್ಛತಾ ಪಾಳಿಯ ಪಟ್ಟಿ ಕುರಿತದ್ದು ಮಾತ್ರ. ನೀರು ತರಲೆಂದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಾಗ ಅವನು ಅಲ್ಲಿದ್ದ. ನೋಡಿದ, ಏನೂ ಅನ್ನಲಿಲ್ಲ. ನಾನೇ, 'ನಾಳೆ ಭಾನುವಾರ, ಔಷಧಿ ಎಲ್ಲಿ ಸಿಗುತ್ತದೆ?' ಅಂದೆ. ತಲೆಯಾಡಿಸಿ ಕೋಣೆಗೆ ಹೋದ. ಬೆಳಿಗ್ಗೆ ಬಾಗಿಲ ಕೆಳಗಿನಿಂದ ಒಂದು ಹಾಳೆ ಒಳಗೆ ಸರಿದಿತ್ತು. ದುಂಡಗಿನ ಅಕ್ಷರಗಳಲ್ಲಿ, ನನಗೆ ಅರ್ಥವಾಗುವಷ್ಟು ಸರಳ ಜರ್ಮನ್ನಿನಲ್ಲಿ, ಮೊದಲು ತುರ್ತು ವೈದ್ಯರ ಸಂಖ್ಯೆ 116117. ಅದರ ಕೆಳಗೆ, ಈ ಭಾನುವಾರ ಪಾಳಿಯಲ್ಲಿ ತೆರೆದಿರುವ ಔಷಧಿ ಅಂಗಡಿಯ ವಿಳಾಸ, ಹೋಗುವ ಬಸ್ಸು, ರಜಾದಿನದ ಹೆಚ್ಚುವರಿ ಶುಲ್ಕ 2.50 ಯೂರೋ ತೆಗೆದುಕೊಳ್ಳುತ್ತಾರೆ ಎಂಬ ಸೂಚನೆ. ಕೊನೆಯಲ್ಲಿ ಒಂದು ಸಾಲು: 'ನಾನು ಸಂಜೆ 6ರ ತನಕ ಮನೆಯಲ್ಲಿರುತ್ತೇನೆ.'

ಆ ಸಾಲಿನ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಏನಾದರೂ ಬೇಕಿದ್ದರೆ ಹೇಳು, ಯಾವಾಗ ಬೇಕಾದರೂ ಬಾಗಿಲು ತಟ್ಟು ಎನ್ನುವ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ನಾನೂ ಆಡಿದ್ದೇನೆ. ಹಾಗೆ ಹೇಳಿದವರ ಬಾಗಿಲನ್ನು ನಿಜವಾಗಿ ತಟ್ಟಲು ಸಂಕೋಚ. ಆರು ಗಂಟೆಯ ತನಕ ಎಂದವನ ಬಾಗಿಲನ್ನು ಐದೂವರೆಗೆ ಹೋಗಿ ತಟ್ಟುವುದಕ್ಕೆ ಏನೂ ಅನ್ನಿಸಲಿಲ್ಲ. ತಟ್ಟಿದೆ. ಥರ್ಮಾಮೀಟರ್ ಕೊಟ್ಟ. ಆರಕ್ಕೆ ಜಾಕೆಟ್ ಹಾಕಿಕೊಂಡು ಹೊರಟ.

ಇನ್ನು ಅಲ್ಲಿಯ ಒಂದು ಸ್ಮಶಾನದ ಮಾತು. ಯಾರಿಗಾದರೂ ಗೋಟಿಂಗೆನ್ ತೋರಿಸಬೇಕೆಂದರೆ ನಾನು ಮೊದಲು ಕರೆದೊಯ್ಯುವುದು ಊರಿನ ಪಶ್ಚಿಮದ ನಗರ ಸ್ಮಶಾನಕ್ಕೆ. ಬಂದವರು ಮುಖ ಕಿವುಚುತ್ತಾರೆ. ಒಳಗೆ ಹೋದರೆ ಅದು ಮರಗಳು ತುಂಬಿದ ತೋಟ, ನಡುವೆ ಕೊಳ. ನೊಬೆಲ್ ಪಡೆದ ಎಂಟು ಮಂದಿ ಅಲ್ಲಿ ಮಲಗಿದ್ದಾರೆ. ಕ್ವಾಂಟಮ್ ಸಿದ್ಧಾಂತಕ್ಕೆ ನಾಂದಿ ಹಾಡಿದ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಅವರ ಸಮಾಧಿ ಕಲ್ಲಿನ ಮೇಲೆ ಹುಟ್ಟಿದ ದಿನ, ಸತ್ತ ದಿನ ಯಾವುದೂ ಇಲ್ಲ. ಮೇಲೆ ಹೆಸರು, ತೀರಾ ಕೆಳಗೆ ಅವರ ಹೆಸರಿನ ಸ್ಥಿರಾಂಕ: 6.62 ಗುಣಿಸು ಹತ್ತರ ಮೈನಸ್ 27ನೇ ಘಾತ, ಎರ್ಗ್ ಸೆಕೆಂಡು. ಪಿಯುಸಿ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಸಂಖ್ಯೆ ಕಲ್ಲಿನಲ್ಲಿ ಕೆತ್ತಿಸಿಕೊಂಡು ಒಬ್ಬ ಮನುಷ್ಯನ ಕಾಲ ಬಳಿ ಬಿದ್ದಿತ್ತು. ಯುದ್ಧದಲ್ಲಿ ಬರ್ಲಿನ್‌ನ ಮನೆ ಬಾಂಬಿಗೆ ಸುಟ್ಟು, ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸಿಕ್ಕಿಬಿದ್ದ ಮಗ ಎರ್ವಿನ್ 1945ರ ಜನವರಿಯಲ್ಲಿ ಗಲ್ಲಿಗೇರಿ, ಕೊನೆಗಾಲದಲ್ಲಿ ಈ ಊರಿಗೆ ಬಂದು 1947ರಲ್ಲಿ ತೀರಿಕೊಂಡವರು ಅವರು. ಕಲ್ಲು ಅದ್ಯಾವುದನ್ನೂ ಹೇಳುವುದಿಲ್ಲ. ಕೇಳಿದವರಿಗೆ ಪುಸ್ತಕಗಳಿವೆ. ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಕಲ್ಲಿನ ಮೇಲೆ ಅವರದೇ ಮಾತು: ನಾವು ತಿಳಿಯಲೇಬೇಕು, ತಿಳಿದೇ ತೀರುತ್ತೇವೆ. ಪರೀಕ್ಷೆಯ ಹಿಂದಿನ ವಾರ ಆ ಸಾಲು ಓದುವ ಧೈರ್ಯ ನನಗಿರಲಿಲ್ಲ.

ಇನ್ನೊಬ್ಬ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕಲ್ಲನ್ನು ಹುಡುಕಲು ಸ್ವಲ್ಪ ತಿರುಗಾಡಬೇಕು. ಅದರ ಮೇಲೂ ಒಂದು ಸಮೀಕರಣವಿದೆ. ಪಿ ಎಂದರೆ ಕಣದ ಸಂವೇಗ, ಕ್ಯೂ ಎಂದರೆ ಅದರ ಸ್ಥಾನ; ಪಿ ಗುಣಿಸು ಕ್ಯೂ ಮತ್ತು ಕ್ಯೂ ಗುಣಿಸು ಪಿ ಒಂದೇ ಅಲ್ಲ, ಎರಡರ ನಡುವಿನ ವ್ಯತ್ಯಾಸ ಇಷ್ಟು ಎಂದು ಹೇಳುವ ಸಮೀಕರಣ. 1925ರಲ್ಲಿ ಹೈಸೆನ್‌ಬರ್ಗ್ ಎಂಬ ಇಪ್ಪತ್ಮೂರರ ಹುಡುಗ ತಂದುಕೊಟ್ಟ ವಿಚಿತ್ರ ಲೆಕ್ಕಗಳನ್ನು ನೋಡಿ, ಇವು ಅಂಕಿಗಳನ್ನು ಅಡ್ಡಸಾಲು ಉದ್ದಸಾಲುಗಳಲ್ಲಿ ಜೋಡಿಸಿದ ಮ್ಯಾಟ್ರಿಕ್ಸುಗಳಲ್ಲವೇ ಎಂದು ಗುರುತಿಸಿದವರು ಬಾರ್ನ್. ಕ್ವಾಂಟಮ್ ಮೆಕ್ಯಾನಿಕ್ಸ್ ಎಂದು ನಾವು ಇಂದು ಓದುವ ಪರಮಾಣು ಲೋಕದ ಶಾಸ್ತ್ರ ನಿಂತಿರುವುದೇ ಆ ಸಾಲಿನ ಮೇಲೆ. ಎಂಟು ವರ್ಷ ಕಳೆಯುವಷ್ಟರಲ್ಲಿ, 1933ರ ಏಪ್ರಿಲ್‌ನಲ್ಲಿ, ಯೆಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ಬಂತು. ಬಾರ್ನ್ ಹೊರಗೆ. ಗಣಿತಜ್ಞೆ ಎಮ್ಮಿ ನೋಥರ್ ಹೊರಗೆ. ಗಣಿತಜ್ಞ ರಿಚರ್ಡ್ ಕೂರಂಟ್ ಹೊರಗೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದರಿಂದ ವಿನಾಯಿತಿ ಸಿಗಬಹುದಾಗಿದ್ದ ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್ ತಾವೇ ರಾಜೀನಾಮೆ ಎಸೆದು ಹೋದರು. ಜಗತ್ತಿನ ಅತ್ಯುತ್ತಮ ಗಣಿತ, ಭೌತಶಾಸ್ತ್ರ ವಿಭಾಗಗಳು ಕೆಲವೇ ತಿಂಗಳಲ್ಲಿ ಖಾಲಿ.

ಕನ್ನಡಿಗರಾದವರು ಆ ಕಲ್ಲಿನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಕೆಲಸ ಕಳೆದುಕೊಂಡ ಬಾರ್ನ್ 1935-36ರಲ್ಲಿ ಸುಮಾರು ಆರು ತಿಂಗಳು ಇದ್ದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರನ್ನು ಕರೆಸಿಕೊಂಡಿದ್ದರು, ಕಾಯಂ ಪ್ರಾಧ್ಯಾಪಕ ಮಾಡಬೇಕೆಂದು ಪಟ್ಟು ಹಿಡಿದಿದ್ದರು. ಅದಕ್ಕಾಗಿ ಕರೆದ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶಿಯೊಬ್ಬ ನಮಗೆ ಬೇಡ ಎಂಬರ್ಥದಲ್ಲಿ ಮಾತಾಡಿದ, ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಎಂದು ಅವರೇ ಬರೆದುಕೊಂಡಿದ್ದಾರೆ. ಕಾಯಂ ಕೆಲಸ ಆಗಲಿಲ್ಲ. ಅವರು ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು, ವಯಸ್ಸಾದ ಮೇಲೆ ಜರ್ಮನಿಗೇ ಮರಳಿ 1970ರಲ್ಲಿ ಗೋಟಿಂಗೆನ್‌ನಲ್ಲಿ ತೀರಿಕೊಂಡರು. ವೀಸಾ ಕಚೇರಿಯ ಸಾಲಿನಲ್ಲಿ ನಿಂತು ನನ್ನ ಪಾಡಿಗೆ ನಾನು ಅಸಮಾಧಾನ ಪಡುತ್ತಿದ್ದ ದಿನಗಳಲ್ಲಿ ಈ ಕತೆ ಓದಿದೆ. ಪರದೇಶದವನಾಗಿರುವುದು ಒಂದು ಕಡೆಯವರಿಗಷ್ಟೇ ಬರೆದಿಟ್ಟ ಪಾತ್ರವಲ್ಲ. ಬಾರ್ನ್ ಅಂಥವರೂ ನಮ್ಮ ಊರಿನಲ್ಲಿ ಒಂದು ಸಭೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು.

ಆ ವರ್ಷ ಜರ್ಮನ್ ಭಾಷೆಯ ಸಂಜೆ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಯುಕ್ರೇನಿನ ಖಾರ್ಕಿವ್‌ನಿಂದ ಮಗನ ಜೊತೆ ಬಂದ ಮಹಿಳೆ. ಅಲ್ಲಿ ಅಕೌಂಟೆಂಟ್ ಆಗಿದ್ದವರು. ನಾವು ಉಳಿದವರೆಲ್ಲ ಡಿಗ್ರಿಗೆಂದು ಬಂದ ಹುಡುಗರು, ವ್ಯಾಕರಣದ ತಪ್ಪಿಗೆಲ್ಲ ನಗುತ್ತಿದ್ದವರು. ಅವರು ನಗುತ್ತಿರಲಿಲ್ಲ. ಪ್ರತಿ ತರಗತಿಗೂ ಒಂದು ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಬರುತ್ತಿದ್ದರು. ಶಾಲೆಗೆ ಏನು ಬರೆಯಬೇಕು, ಮಗನಿಗೆ ಪಿಯಾನೋ ನುಡಿಸಲು ಎಲ್ಲಿ ಸಿಗುತ್ತದೆ, ಇಂಥವು. ಟೀಚರು ಒಂದೊಂದಕ್ಕೂ ಉತ್ತರ ಬರೆದುಕೊಟ್ಟು, ತಪ್ಪಿದ್ದ ಪ್ರತ್ಯಯಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಯುದ್ಧದ ಮಾತು ಒಮ್ಮೆಯೂ ಎತ್ತಲಿಲ್ಲ. ಪಿಯಾನೋ ಒಂದು ಚರ್ಚಿನ ಸಭಾಂಗಣದಲ್ಲಿ ಸಿಕ್ಕಿತು, ಮಂಗಳವಾರ ಮತ್ತು ಗುರುವಾರ, ಮೂರರಿಂದ ನಾಲ್ಕೂವರೆ.

ಗೋಟಿಂಗೆನ್‌ನಿಂದ ದಕ್ಷಿಣಕ್ಕೆ ಹೋಗುವ ಸ್ಥಳೀಯ ರೈಲು ಫ್ರೀಡ್‌ಲಾಂಡ್ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. 1945ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನೆ ಅಲ್ಲಿ ಒಂದು ಶಿಬಿರ ತೆರೆಯಿತು. ಪೂರ್ವದಿಂದ ಓಡಿ ಬಂದವರು, ಸೋವಿಯತ್ ಸೆರೆಯಿಂದ ಮರಳಿದ ಸೈನಿಕರು, ಆಮೇಲೆ ದೋಣಿಗಳಲ್ಲಿ ದೇಶ ಬಿಟ್ಟು ಓಡಿದ ವಿಯೆಟ್ನಾಂ ಜನ, ಹೀಗೆ ದಶಕಗಟ್ಟಲೆ ಜನ ಅದರ ಮೂಲಕ ಹಾದುಹೋಗಿದ್ದಾರೆ. ಶಿಬಿರ ಇಂದಿಗೂ ನಡೆಯುತ್ತಿದೆ. ಹಳೆಯ ರೈಲು ನಿಲ್ದಾಣದ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. 1933ರಲ್ಲಿ ತನ್ನವರನ್ನೇ ಹೊರದಬ್ಬಿದ ಊರಿಗೂ ಈ ನಿಲ್ದಾಣಕ್ಕೂ ನಡುವೆ ರೈಲಿನಲ್ಲಿ ಹತ್ತೇ ನಿಮಿಷ. ನಾನು ಇದರಿಂದ ಯಾವ ತೀರ್ಮಾನಕ್ಕೂ ಬಂದಿಲ್ಲ. ಆದರೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಮೊಬೈಲ್ ಕೆಳಗಿಟ್ಟು ಹೊರಗೆ ನೋಡುವ ಅಭ್ಯಾಸವಾಯಿತು.

ಪರೀಕ್ಷೆಯ ಬಗ್ಗೆ ಹೇಳದಿದ್ದರೆ ಇದು ವಿದ್ಯಾರ್ಥಿಯ ಬರಹವಾಗುವುದಿಲ್ಲ. ಮಾಸ್ಟರ್ಸ್‌ನಲ್ಲಿ ಬಹಳಷ್ಟು ಪರೀಕ್ಷೆ ಮೌಖಿಕ. ಪ್ರೊಫೆಸರ ಕೋಣೆ, ಒಂದು ಮೇಜು, ಬಿಳಿ ಹಾಳೆಗಳ ಕಟ್ಟು, ಮೂಲೆಯಲ್ಲಿ ಮಾತಾಡದೆ ಎಲ್ಲವನ್ನೂ ಬರೆದುಕೊಳ್ಳುವ ಇನ್ನೊಬ್ಬರು. ಸುಮಾರು ಅರ್ಧ ಗಂಟೆ. 'ನಿಮಗೆ ಇಷ್ಟವಾದ ವಿಷಯದಿಂದ ಶುರುಮಾಡಿ' ಎನ್ನುತ್ತಾರೆ. ಇಷ್ಟವಾದದ್ದನ್ನು ಐದು ನಿಮಿಷ ಕೇಳಿಸಿಕೊಂಡು, ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಸುತ್ತಾ ನಮಗೆ ಗೊತ್ತಿಲ್ಲದ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ನನ್ನನ್ನು ತಂದು ನಿಲ್ಲಿಸಿದ್ದು ಸೂಪರ್‌ಕಂಡಕ್ಟಿವಿಟಿಯ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ವಿದ್ಯಮಾನದ, ಒಂದು ಮೂಲೆಗೆ. ಸ್ವಲ್ಪ ಹೊತ್ತು ಹಾಳೆ ನೋಡಿ, ಗೊತ್ತಿಲ್ಲ ಎಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. 'ಸರಿ. ಗೊತ್ತಾಗಬೇಕಾದರೆ ಏನನ್ನು ಅಳೆಯುತ್ತೀರಿ?' ಎಂದರು. ಮುಂದಿನ ಹತ್ತು ನಿಮಿಷ ಪರೀಕ್ಷೆಯ ಹಾಗಿರಲಿಲ್ಲ. ಇಬ್ಬರೂ ಒಂದೇ ಹಾಳೆಯ ಮೇಲೆ ಬಾಗಿ ಗೀಚುತ್ತಿದ್ದೆವು, ಮೂಲೆಯವರು ಮಾತ್ರ ಬರೆದುಕೊಳ್ಳುತ್ತಲೇ ಇದ್ದರು. ಆಮೇಲೆ ಹೊರಗೆ ಕಳಿಸಿ, ಎರಡು ನಿಮಿಷಕ್ಕೆ ಒಳಗೆ ಕರೆದು, ಅಂಕ ಹೇಳಿ ಕೈಕುಲುಕಿದರು. 1.3.

ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಪಾಸು, 5.0 ಎಂದರೆ ಫೇಲು. ಇದನ್ನು ಮನೆಯಲ್ಲಿ ವಿವರಿಸುವುದು ಸೂಪರ್‌ಕಂಡಕ್ಟಿವಿಟಿಗಿಂತ ಕಷ್ಟ. ಐದಕ್ಕೆ ಒಂದೂ ಚಿಲ್ಲರೆಯಾ ಎಂದು ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅಕ್ಕ ಮಧ್ಯಸ್ಥಿಕೆ ವಹಿಸಿ, ರ‍್ಯಾಂಕ್ ಇದ್ದ ಹಾಗೆ, ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ತೀರ್ಪು ಕೊಟ್ಟಳು.

ಈ ದೂರ ನಿಂತು ನೋಡಿಕೊಳ್ಳುವ ಜನರ ಸ್ವಭಾವ ನನಗೆ ಅತ್ಯಂತ ಚೆನ್ನಾಗಿ ಕಂಡದ್ದು ಒಂದು ಕಸದ ಡಬ್ಬಿಯ ಪಕ್ಕ. ಜರ್ಮನಿಯಲ್ಲಿ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೂ ಕ್ಯಾನಿಗೂ 25 ಸೆಂಟ್ ಠೇವಣಿ, ಬಿಯರಿನ ಗಾಜಿನ ಬಾಟಲಿಗೆ 8 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸ್ಸು. ಬಾಟಲಿ ಆಯ್ದು ಜೀವನ ಸಾಗಿಸುವವರೂ ಇದ್ದಾರೆ, ಅದರಲ್ಲಿ ವಯಸ್ಸಾದವರು ಬಹಳ. ಬೇಸಿಗೆಯ ಸಂಜೆ ಪಾರ್ಕುಗಳಲ್ಲಿ ಕುಡಿದು ಮುಗಿಸಿದ ಹುಡುಗರು ಬಾಟಲಿಯನ್ನು ಡಬ್ಬಿಯೊಳಗೆ ಎಸೆಯುವುದಿಲ್ಲ. ಡಬ್ಬಿಯ ಬುಡದಲ್ಲಿ ಸಾಲಾಗಿ ನಿಲ್ಲಿಸಿ ಹೋಗುತ್ತಾರೆ. ಆಯುವವರು ಕಸದೊಳಗೆ ಕೈ ಹಾಕಬಾರದು ಎಂದು. ಕೊಡುವವರು ತೆಗೆದುಕೊಳ್ಳುವವರ ಮುಖ ನೋಡುವುದಿಲ್ಲ, ಧನ್ಯವಾದಕ್ಕೆ ಕಾಯುವುದಿಲ್ಲ. ನನ್ನ ಓದಿನ ಕೊನೆಯ ಬೇಸಿಗೆಯ ಹೊತ್ತಿಗೆ ನಾನೂ ಬಾಟಲಿಯನ್ನು ಬುಡದಲ್ಲಿ ನಿಲ್ಲಿಸುವವರ ಗುಂಪಿಗೆ ಸೇರಿದ್ದೆ.

ಹಾಗೆಂದು ಇದನ್ನೆಲ್ಲ ಹೊಗಳಿ ಮುಗಿಸುವ ಮನಸ್ಸು ನನಗಿಲ್ಲ. ಕೇಳುವವರಿಗೆ ಆ ವ್ಯವಸ್ಥೆ ಅದ್ಭುತ. ಕೇಳಲು ಬಾರದವರಿಗೆ ಅದು ಬಹಳ ಕ್ರೂರ. ಕ್ರಿಸ್‌ಮಸ್ ಹತ್ತಿರ ಬಂದಂತೆ ನಮ್ಮ ನಿಲಯದ ಜರ್ಮನ್ ಹುಡುಗರೆಲ್ಲ ಊರಿಗೆ ಹೊರಟು, ಉದ್ದ ಕಾರಿಡಾರಿನಲ್ಲಿ ಎರಡೋ ಮೂರೋ ಬಾಗಿಲ ಕೆಳಗೆ ಮಾತ್ರ ಬೆಳಕು ಕಾಣುತ್ತಿತ್ತು. ನಮ್ಮ ಬ್ಯಾಚಿನ ಒಬ್ಬ ಹುಡುಗ, ನನಗಿಂತ ಚುರುಕು, ಕ್ಲಾಸಿಗೆ ಬರುವುದನ್ನು ನಿಲ್ಲಿಸಿದ. ಹಾಜರಿ ತೆಗೆದುಕೊಳ್ಳದ ಕಡೆ ಅದು ಯಾರಿಗೂ ಗೊತ್ತಾಗಲಿಲ್ಲ. ವಿದ್ಯಾರ್ಥಿಗಳಿಗೆಂದೇ ಉಚಿತ ಮಾನಸಿಕ ಸಲಹಾ ಕೇಂದ್ರವಿತ್ತು, ಫಲಕವೂ ಇತ್ತು, ಆದರೆ ಅಪಾಯಿಂಟ್‌ಮೆಂಟ್ ಅವನೇ ಕೇಳಬೇಕಿತ್ತು. ಹಾಸಿಗೆಯಿಂದ ಏಳಲಾಗದವನು ಈಮೇಲ್ ಎಲ್ಲಿಂದ ಬರೆದಾನು? ವಸಂತ ಬರುವ ಮೊದಲೇ ಅವನು ವಾಪಸ್ಸು ಹೋದ. ಪ್ರತಿಯೊಬ್ಬರನ್ನೂ ಸ್ವತಂತ್ರ ವಯಸ್ಕರೆಂದು ನಂಬುವ ಸಮಾಜ, ಆ ನಂಬಿಕೆಯ ಬೆಲೆಯನ್ನು ತೆರುವವರು ಯಾರು ಎಂದು ಲೆಕ್ಕ ಇಡುವುದಿಲ್ಲ. ಕೇಳದೆ ಬಾಗಿಲು ತಟ್ಟುವ ಒಬ್ಬ ಅತಿಪ್ರಸಂಗಿ ಪ್ರತಿ ಕಾರಿಡಾರಿನಲ್ಲೂ ಇರಬೇಕು ಎಂದು ಅಂದಿನಿಂದ ನಾನು ನಂಬಿದ್ದೇನೆ. ಮುಂದಿನ ಚಳಿಗಾಲ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಕೆಲವರಿಗೆ ಕಿರಿಕಿರಿಯಾಗಿದ್ದೂ ಗೊತ್ತು.

ಎರಡನೇ ವರ್ಷ ಪ್ರಬಂಧಕ್ಕಾಗಿ ಒಂದು ಲೇಸರ್ ಪ್ರಯೋಗಾಲಯ ಸೇರಿದೆ. ಅಲ್ಲಿ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದ ಇರಾನಿನ ಒಬ್ಬಳು ನನಗೆ ಕೆಲಸ ಕಲಿಸಿದಳು. ಗುಂಪಿನ ಉಳಿದವರು ಬಹುತೇಕ ಜರ್ಮನ್ನರು, ಒಬ್ಬೊಬ್ಬರದೂ ಒಂದೊಂದು ಹೆಡ್‌ಫೋನು. ಗೋಟಿಂಗೆನ್‌ನ ಹಳೆಯ ಪುರಭವನದ ಮುಂದೆ ಒಂದು ಕಾರಂಜಿಯಿದೆ. ಅದರ ಮೇಲೆ ಹೆಬ್ಬಾತುಗಳನ್ನು ಹಿಡಿದ ಹಳ್ಳಿ ಹುಡುಗಿಯ ಕಂಚಿನ ಪ್ರತಿಮೆ, 1901ರದ್ದು. ಈಗ ಅಲ್ಲಿರುವುದು ಪ್ರತಿಕೃತಿ, ಮೂಲ ಪ್ರತಿಮೆ ಊರಿನ ಮ್ಯೂಸಿಯಮ್ಮಿನಲ್ಲಿದೆ. ಡಾಕ್ಟರೇಟ್ ಪಡೆದವರು ಕಾರಂಜಿ ಹತ್ತಿ ಈ ಗೆನ್ಸೆಲೀಸಲ್‌ಳ ಕೆನ್ನೆಗೆ ಮುತ್ತು ಕೊಟ್ಟು ಹೂಗುಚ್ಛ ಇಡಬೇಕು. 1926ರಲ್ಲಿ ಪೊಲೀಸರು ಈ ಮುತ್ತನ್ನು ನಿಷೇಧಿಸಿದ್ದರು. ನಿಯಮಕ್ಕೆ ಪ್ರಾಣ ಕೊಡುವ ಆ ದೇಶದಲ್ಲಿ ಯಾರೂ ಲೆಕ್ಕಕ್ಕಿಡದ ನಿಯಮ ನಾನು ಕಂಡದ್ದು ಇದೊಂದೇ.

ಮುತ್ತಿಗೆ ಮೊದಲು ಟೋಪಿ. ಡಾಕ್ಟರ್ ಆದವರಿಗೆ ಸಹೋದ್ಯೋಗಿಗಳೇ ಕೈಯಾರೆ ಒಂದು ಚೌಕದ ಟೋಪಿ ಮಾಡಿಕೊಡುತ್ತಾರೆ, ಗುಟ್ಟಾಗಿ. ವಾರಗಟ್ಟಲೆ ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು ಕೆಲಸ ನಡೆಯಿತು. ನನಗೆ ಬಂದ ಪಾಲು ರಟ್ಟು ಕತ್ತರಿಸುವುದು. ಟೋಪಿಯ ಮೇಲೆ ಒಂದೊಂದಾಗಿ ಸಾಮಾನು ಏರುತ್ತಿದ್ದುದನ್ನು ನೋಡಿ ನಾನು ಕತ್ತರಿ ಹಿಡಿದು ನಿಂತೇಬಿಟ್ಟೆ. ಅವಳು ಮೊದಲ ವರ್ಷ ಒಡೆದು, ಯಾರಿಗೂ ಕಾಣದಂತೆ ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದ ಕನ್ನಡಿ. ಅವಳು ಬೈಯುತ್ತಿದ್ದ ವ್ಯಾಕ್ಯೂಮ್ ಪಂಪಿನ ಪುಟ್ಟ ಮಾದರಿ, ಒಳಗೆ ನಿಜವಾಗಿ ತಿರುಗುವ ಮೋಟಾರು. ರಾತ್ರಿ ಹನ್ನೊಂದರ ಕೊನೆಯ ಬಸ್ಸಿನ ವೇಳಾಪಟ್ಟಿ, ಚಿಕ್ಕದಾಗಿ ಮುದ್ರಿಸಿದ್ದು. ಚಹಾದ ಲೋಟದೊಳಗೆ ಅವಳು ನೀರು ಹಾಕುವ ಮೊದಲೇ ಸಕ್ಕರೆ ಹಾಕುತ್ತಾಳೆ ಎಂದು ತೋರಿಸುವ ಮರದ ಗೊಂಬೆ. 2022ರ ಶರತ್ಕಾಲದಲ್ಲಿ ಅವಳ ಊರಿನ ಬೀದಿಗಳಲ್ಲಿ ಹೆಂಗಸರು ಪ್ರತಿಭಟನೆಗೆ ಇಳಿದ ದಿನಗಳಲ್ಲಿ ಅವಳು ಮೇಜಿನ ಮೇಲೆ ಅಂಟಿಸಿ ಆಮೇಲೆ ಕಿತ್ತಿದ್ದ ಚಿತ್ರದ ನಕಲು. ಇದನ್ನೆಲ್ಲ ಮಾಡಿದವರು ನಾಲ್ಕು ವರ್ಷ ಅವಳ ಪಕ್ಕ ಹೆಡ್‌ಫೋನ್ ಹಾಕಿಕೊಂಡು, ಒಂದು ಪ್ರಶ್ನೆಯನ್ನೂ ಕೇಳದೆ ಕೂತಿದ್ದವರು.

ಮೌಖಿಕ ಮುಗಿದು ಅವಳು ಹೊರಬಂದ ಕೂಡಲೇ ಟೋಪಿ ತಲೆಗೇರಿತು, ಸಿಂಗರಿಸಿದ ಕೈಗಾಡಿಯಲ್ಲಿ ಅವಳನ್ನು ಕೂರಿಸಿ ಎಳೆದುಕೊಂಡು ಹೊರಟೆವು. ದಿಣ್ಣೆ ಇಳಿಯುವಾಗ ಬ್ರೇಕಿಲ್ಲದ ಗಾಡಿಯನ್ನು ಹಿಂದಿನಿಂದ ನಾಲ್ಕು ಜನ ಜಗ್ಗಿ ಹಿಡಿಯಬೇಕಾಯಿತು. ಪೇಟೆಯ ಕಲ್ಲುಹಾಸಿನಲ್ಲಿ ಒಂದು ಚಕ್ರ ಸಿಕ್ಕಿಹಾಕಿಕೊಂಡು, ದಾರಿಹೋಕರಿಬ್ಬರು ಚೀಲ ಕೆಳಗಿಟ್ಟು ಎತ್ತಿಕೊಟ್ಟರು. ಕಾರಂಜಿಯ ಕಂಬಿ ಹಿಡಿದು ಹತ್ತುವಾಗ ಅವಳ ಒಂದು ಚಪ್ಪಲಿ ನೀರಿಗೆ ಬಿತ್ತು. ಮುತ್ತು ಕೊಟ್ಟಳು, ಹೂ ಇಟ್ಟಳು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಂದೊಂದೇ ಸಾಮಾನನ್ನು ಮುಟ್ಟಿ ನೋಡುತ್ತಾ, 'ಈ ಕನ್ನಡಿ ನಿಮಗೆ ಹೇಗೆ ಗೊತ್ತು?' ಎಂದು ಮೇಲಿನಿಂದಲೇ ಕೂಗಿದಳು. ಗುಂಪಿನ ಅತ್ಯಂತ ಮಿತಭಾಷಿ ಕೆಳಗಿನಿಂದ, 'ನೀನು ಕೇಳಲಿಲ್ಲ, ನಾವು ಹೇಳಲಿಲ್ಲ' ಎಂದ. ಎಲ್ಲರೂ ಹೋ ಎಂದು ನಕ್ಕರು.

ಅವಳು ಈಗ ಹ್ಯಾಂಬರ್ಗಿನಲ್ಲಿ ಕೆಲಸದಲ್ಲಿದ್ದಾಳೆ. ಟೋಪಿ ಇದೆಯಾ ಎಂದು ಮೊನ್ನೆ ಕೇಳಿದೆ. ಬೀರುವಿನ ಮೇಲಿದೆಯಂತೆ, ಹೊಸ ಬ್ಯಾಟರಿ ಹಾಕಿದರೆ ಪಂಪು ಈಗಲೂ ತಿರುಗುತ್ತದೆ, ಸದ್ದು ಮಾತ್ರ ನಿಜವಾದ ಪಂಪಿಗಿಂತ ಜಾಸ್ತಿ ಎಂದಳು.